ತುಟಿಗೆ ತಕ್ಕ ಹಿತ್ತಾಳೆ

ಬ್ಯಾಂಡಿನವರಲ್ಲಿ ಒಂದು ಕಟ್ಟಳೆ ಇದೆ. ಟ್ರಂಪೆಟ್ಟು ಮಾಲೀಕನದು, ಅದರ ತುದಿಗೆ ಸಿಕ್ಕಿಸಿ ತುಟಿಗೆ ಒತ್ತುವ ಮೌತ್‌ಪೀಸು ಊದುವವನದು. ಮದುವೆ ಮುಗಿದ ಮೇಲೆ ವಾದ್ಯಗಳೆಲ್ಲ ಮಾಲೀಕನ ಮನೆಯ ಮೂಲೆ ಸೇರುತ್ತವೆ. ಬೆರಳುದ್ದದ ಆ ಹಿತ್ತಾಳೆ ಮಾತ್ರ ಊದುವವನ ಅಂಗಿಯ ಜೇಬಿನಲ್ಲಿ ಅವನ ಮನೆಗೆ ಹೋಗುತ್ತದೆ. ರಾಯಚೂರು, ಮಾನ್ವಿ, ದೇವದುರ್ಗದ ಬ್ಯಾಂಡಿನವರ ಜೇಬಿನೊಳಗಿನ ಈ ವಸ್ತುವನ್ನು ಮಾಡುವುದು, ರಿಪೇರಿ ಮಾಡುವುದು, ಒಮ್ಮೊಮ್ಮೆ ಕೆಡಿಸುವುದು ನನ್ನ ಕೆಲಸವಾಗಿತ್ತು.

ಅದು ನನ್ನ ಕೆಲಸದ ಒಂದು ಚೂರು ಮಾತ್ರ. ನಾನು ಲೇತ್ ಕೆಲಸಗಾರ. ರಾಯಚೂರಿನಲ್ಲಿ ನರಸಿಂಹಲು ಮೇಸ್ತ್ರಿಯ ವರ್ಕ್‌ಶಾಪಿನಲ್ಲಿ ಅಕ್ಕಿ ಗಿರಣಿಯ ಶಾಫ್ಟು, ಹತ್ತಿ ಜಿನ್ನಿನ ರೋಲರು, ಪಂಪಿನ ಬುಶ್ಶು ಕಡೆಯುತ್ತ ಕೂದಲು ಬೆಳ್ಳಗೆ ಮಾಡಿಕೊಂಡವನು. ಹೊಟ್ಟೆಗೆ ಹಾಕಿದ್ದು ಅವು. ಆದರೆ ಕೆಲಸ ಬಿಟ್ಟು ಮನೆಯಲ್ಲಿ ಕೂತ ಮೇಲೆ ಒಂದು ಶಾಫ್ಟೂ ನೆನಪಿಗೆ ಬರಲಿಲ್ಲ. ಹೊಸದಾಗಿ ಕಸುಬಿಗೆ ಸೇರಿದವರು ಬಂದು ಕೇಳುವುದೂ ಬ್ಯಾಂಡಿನ ಸಂಗತಿಯನ್ನೇ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಒಂದು ಎಚ್ಚರಿಕೆ ಮೊದಲೇ ಕೊಟ್ಟುಬಿಡುತ್ತೇನೆ. ನೆನಪನ್ನು ಕೂದಲೆಳೆಯವರೆಗೆ ಅಳೆಯಲು ವರ್ನಿಯರ್ ಇಲ್ಲ. ಈ ಪ್ರಸಂಗಗಳನ್ನು ಚಹಾದ ಅಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿ ಹೇಳಿ ಅವುಗಳ ಅಂಚು ನುಣುಪಾಗಿದೆ, ಮೈಗೆ ಹೊಳಪು ಬಂದಿದೆ. ಹೊಳಪು ಬಂದ ವಸ್ತುವನ್ನು ಕಂಡರೆ ನನಗೆ ಅನುಮಾನ. ಎಮರಿ ಪೇಪರಿನ ಕೆಳಗೆ ಏನೇನು ಹೋಯಿತೋ ಯಾರಿಗೆ ಗೊತ್ತು. ಎಲ್ಲಿ ನೆನಪು ತೀರಾ ಚೆನ್ನಾಗಿ ಕೂತಿದೆಯೋ ಅಲ್ಲಿ ನಿಂತು ಒಮ್ಮೆ ಅಲುಗಾಡಿಸಿ ನೋಡುತ್ತೇನೆ. ಓದುವವರು ಬೇಸರ ಮಾಡಿಕೊಳ್ಳಬಾರದು.

ಮೌತ್‌ಪೀಸಿನ ಅಂಗರಚನೆ ಸರಳ. ತುಟಿ ತಾಗುವ ಉಂಗುರ ಅಂಚು. ಅದರೊಳಗಿನ ಗುಂಡಿ ಬಟ್ಟಲು. ಬಟ್ಟಲ ತಳದಲ್ಲಿ ಸಣ್ಣ ತೂತು, ಅದು ಗಂಟಲು. ಅಲ್ಲಿಂದ ಮೆಲ್ಲಗೆ ಅಗಲವಾಗುತ್ತ ಟ್ರಂಪೆಟ್ಟಿನೊಳಗೆ ಕೂರುವುದು ಕಾಲು. ನಮ್ಮ ಕೈಗೆ ಇಷ್ಟೇ ಸಿಗುವುದು. ಇದರಲ್ಲಿ ಕೂದಲೆಳೆಯಷ್ಟು ಆಚೀಚೆ ಮಾಡಿದರೂ ಊದುವವನ ಮುಖ ಬದಲಾಗುತ್ತದೆ. ಕೇಳುವವರಿಗೆ ಗೊತ್ತಾಗದೆ ಹೋಗಬಹುದು. ಅವನಿಗೆ ಗೊತ್ತಾಗುತ್ತದೆ. ಈ ಕೆಲಸದಲ್ಲಿ ಗಿರಾಕಿ ಅಳತೆ ಹೇಳುವುದಿಲ್ಲ. "ಅಮರಣ್ಣ, ಇದು ನನ್ನ ಮಾತು ಕೇಳವಲ್ದು" ಎನ್ನುತ್ತಾನೆ. "ಗಾಳಿ ಎಲ್ಲೋ ಕದ್ದು ಹೋಗಾಕತ್ತದ" ಎನ್ನುತ್ತಾನೆ. ಅದನ್ನು ಅಳತೆಗೆ ಇಳಿಸುವುದು ನಮ್ಮ ತಲೆನೋವು.

ನನ್ನ ಮೊದಲ ಗಿರಾಕಿ ದೇವದುರ್ಗದ ಹನುಮಂತ. ದಪ್ಪ ಮೀಸೆ, ಅಗಲ ಎದೆ, ಊದಿದರೆ ಗೋಡೆಯ ಸುಣ್ಣ ಉದುರಬೇಕು ಅಂತ ಆಸೆ. ಮೌತ್‌ಪೀಸಿನ ಕಾಲು ಸೊಟ್ಟಗಾಗಿತ್ತು, ನೆಟ್ಟಗೆ ಮಾಡಿಸಲು ಬಂದಿದ್ದ. ಬಾಗಿಲಲ್ಲಿ ಅವನನ್ನು ಕಂಡ ಕೂಡಲೇ ಮೇಸ್ತ್ರಿ ಶುರು ಮಾಡಿದರು. ಅವರು ಗಡಿಯ ಆಚೆಯ ತೆಲುಗಿನವರು, ಕನ್ನಡವನ್ನು ಅದರದೇ ಧಾಟಿಯಲ್ಲಿ ಎಳೆಯುತ್ತಿದ್ದರು.

"ಏಮಯ್ಯಾ ಅಮರೇಶಾ, ಬ್ಯಾಂಡಿನವರು ಬಂದ್ರು ನೋಡು. ಗಿರಣಿ ನಿಂತ್ರ ಊರು ಉಪವಾಸ. ಇವ್ರು ನಿಂತ್ರ ಊರಿಗೆ ನಿದ್ದಿ."

ಹನುಮಂತ ನಗುತ್ತ, "ನಿಮ್ಮ ಮದಿವಿಗೆ ಯಾರು ಊದಿದ್ರು ಮೇಸ್ತ್ರಿ?" ಎಂದ.

"ಯಾರೋ ಊದಿದ್ರು. ಅದಕ್ಕ ಅವತ್ತಿನಿಂದ ಕಿವಿ ಮಂದ."

ಕಾಲು ನೆಟ್ಟಗಾಯಿತು. ಆಗ ಹನುಮಂತ ಕೇಳಿದ, "ಇನ್ನೂ ಜೋರು ಬರಂಗ ಮಾಡಾಕ ಬರ್ತದೇನು?" ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ಜೀವಮಾನವೆಲ್ಲ ಪಂಪು ನೋಡಿದವರು. "ನೀರು ಜಾಸ್ತಿ ಬರಬೇಕಂದ್ರ ಏನು ಮಾಡ್ತೀವಿ? ತೂತು ದೊಡ್ಡದು ಮಾಡ್ತೀವಿ. ಗಾಳೀನೂ ಅಷ್ಟೇ" ಎಂದರು. ನಮ್ಮ ಊರಿನ ಲೇತಿನವರು ಮಾತ್ರ ಮಾಡಬಹುದಾದ ತಪ್ಪು ಇದು. ದಪ್ಪ ಡ್ರಿಲ್ ಬಿಟ್ ಹಾಕಿ ಗಂಟಲು ಬಿಡಿಸಿದೆ. ಹನುಮಂತ ಅಲ್ಲೇ ನಿಂತು ಊದಿದ. ಎದುರಿನ ಟೈರ್ ಅಂಗಡಿಯವನು ಹೊರಗೆ ಓಡಿ ಬಂದ. ಎಲ್ಲರಿಗೂ ಖುಷಿಯೋ ಖುಷಿ.

ಮುಂದಿನ ಮದುವೆಯ ಮೆರವಣಿಗೆಯಲ್ಲಿ ಎರಡನೆಯ ಓಣಿಗೆ ಬರುವಷ್ಟರಲ್ಲಿ ಹನುಮಂತ ಯಾರದೋ ಮನೆಯ ಕಟ್ಟೆಯ ಮೇಲೆ ಕೂತುಬಿಟ್ಟನಂತೆ. ಉಸಿರೆಲ್ಲ ಖಾಲಿ. ಪಂಪಿನಲ್ಲಿ ನೀರು ತಳ್ಳುವುದು ಮೋಟಾರು. ಟ್ರಂಪೆಟ್ಟಿನಲ್ಲಿ ತಳ್ಳುವುದು ಮನುಷ್ಯ. ಮನುಷ್ಯನಿಗೆ ತಳ್ಳುವಾಗ ಎದುರಿಗೆ ಒರಗಲು ಏನಾದರೂ ಬೇಕು. ಗಂಟಲು ಸಣ್ಣದಿದ್ದರೆ ಗಾಳಿಗೆ ಒಂದು ಒರಗುಗಂಬ ಸಿಕ್ಕಂತೆ. ತೀರಾ ಸಣ್ಣದಾದರೆ ಕತ್ತು ಹಿಸುಕಿದಂತೆ. ಇವೆರಡರ ನಡುವಿನ ಜಾಗ ಬಹಳ ಇಕ್ಕಟ್ಟು, ಮತ್ತು ಒಬ್ಬೊಬ್ಬನ ಎದೆಗೆ ಒಂದೊಂದು ಕಡೆ.

ಇದು ನನಗೆ ಆಗಲೇ ಹೊಳೆಯಿತು ಎಂದು ಹೇಳಿಕೊಳ್ಳುತ್ತಿದ್ದೆ. ಇಲ್ಲ, ಹೊಳೆಯಲಿಲ್ಲ. ಹೊಳೆದದ್ದು ಕಲಾಯಿಯವನಿಂದ.

ಹನುಮಂತ ಸಿಟ್ಟಿನಲ್ಲಿ ನನ್ನ ಹತ್ತಿರ ವಾಪಸು ಬರಲಿಲ್ಲ. ಬೆಳ್ಳಿಯ ನೀರು ಹೋಗಿ ಹಿತ್ತಾಳೆ ಬರಿಮೈಯಾಗಿತ್ತು, ತುಟಿಯೆಲ್ಲ ಹಸಿರುಗಟ್ಟುತ್ತಿತ್ತು. ದೇವದುರ್ಗದ ಸಂತೆಯಲ್ಲಿ ಪಾತ್ರೆಗೆ ಕಲಾಯಿ ಹಾಕುವವನು ಕೂತಿದ್ದ. ಮನೆಯ ಹಂಡೆಯ ಜೊತೆಗೆ ಮೌತ್‌ಪೀಸನ್ನೂ ಕೊಟ್ಟ. ಆ ಮಹಾನುಭಾವ ಕಾಯಿಸಿ, ನವಸಾಗರ ತೂರಿ, ತವರ ಸವರಿ, ಹತ್ತಿಯಿಂದ ಬಟ್ಟಲನ್ನು ಚೆನ್ನಾಗಿ ಒರೆಸಿದ. ಗಂಟಲೊಳಗೆ ಹತ್ತಿ ಹೋಗಲಿಲ್ಲ. ಕರಗಿದ ತವರ ಅಲ್ಲೇ ಇಳಿದು ಸುತ್ತಲೂ ಕಟ್ಟಿಕೊಂಡಿತು.

ಆಮೇಲೊಂದು ದಿನ ಹನುಮಂತ ಬಂದವನೇ ಮೌತ್‌ಪೀಸು ನನ್ನ ಮುಂದಿಟ್ಟು, "ಇದಕ್ಕ ಏನು ಆಗ್ಯದ ನೋಡು" ಎಂದ.

ಬೈಗುಳಕ್ಕೆ ತಯಾರಾಗಿ, "ಏನಾಗ್ಯದ?" ಎಂದೆ.

"ಬಾಳ ಛಲೋ ಆಗ್ಯದೋ! ತಾಸುಗಟ್ಲೆ ಊದೀನಿ, ಸುಸ್ತ ಇಲ್ಲ."

ಬ್ಯಾಟರಿ ಹಾಕಿ ಒಳಗೆ ನೋಡಿದೆ. ನಾನು ಬಿಡಿಸಿದ್ದನ್ನು ಕಲಾಯಿಯವನು ಮುಚ್ಚಿದ್ದ. ಹಳೆಯ ಅಳತೆಗಿಂತಲೂ ಕೂದಲಷ್ಟು ಸಣ್ಣದಾಗಿತ್ತು. ಮೇಸ್ತ್ರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಪಂಪಿಗೂ ಕಲಾಯಿ ಹಾಕಿಸೋಣೇನು?" ಎಂದರು. ಅವರು ತಮ್ಮ ತಪ್ಪನ್ನು ಒಪ್ಪಿಕೊಳ್ಳುವ ರೀತಿ ಅದು. ಅವತ್ತಿನಿಂದ ಬ್ಯಾಂಡಿನವರ ಕೆಲಸಕ್ಕೆ ಅಡ್ಡ ಬಾಯಿ ಹಾಕಲಿಲ್ಲ; ಹಾಕಿದರೂ ತಮಾಷೆಗೆ.

ಹೊಸಬರಿಗೆ ಹೇಳುವುದಿಷ್ಟು: ಯಾವ ಮೌತ್‌ಪೀಸಿಗಾದರೂ ಕೈ ಹಾಕುವ ಮೊದಲು ಅದರ ಒಳಗಿನ ಅಚ್ಚು ತೆಗೆದಿಟ್ಟುಕೊಳ್ಳಿ. ನಾನು ಮೊದಮೊದಲು ಮೇಣದಬತ್ತಿ ಕರಗಿಸಿ ಸುರಿಯುತ್ತಿದ್ದೆ. ಬೇಸಿಗೆಯಲ್ಲಿ ನಮ್ಮ ಊರಿನಲ್ಲಿ ಮೇಣ ಗಟ್ಟಿಯಾಗುವುದೇ ಕಷ್ಟ. ಅಚ್ಚು ಹೊರಗೆ ತೆಗೆಯುವಾಗ ಬಗ್ಗಿ ನಮಸ್ಕಾರ ಮಾಡುತ್ತಿತ್ತು. ಹೆಂಡತಿಯ ಹತ್ತಿರ ಜೋಳದ ಹಿಟ್ಟು ಕೇಳಿದೆ. ಬಿರುಕು ಬಿಟ್ಟಿತು. ಗೋಧಿ ಹಿಟ್ಟು ಬಿಡಲಾರದೆ ಒಳಗೇ ಅಂಟಿಕೊಂಡಿತು. "ರೊಟ್ಟಿ ತಿನ್ನಾಕ ಬರ್ರಿ ಅಂದ್ರ ಬರಂಗಿಲ್ಲ, ಹಿಟ್ಟು ಮಾತ್ರ ಕದೀತೀರಿ" ಎಂದು ಅವಳು ಡಬ್ಬಿ ಮೇಲಿನ ಹಲಗೆಗೆ ಏರಿಸಿದಳು. ಈಗಿನವರು ಅಳತೆಯನ್ನು ಕಂಪ್ಯೂಟರಿಗೆ ಹಾಕಿದರೆ ಯಂತ್ರವೇ ಕಡೆದು ಕೊಡುತ್ತದೆ. ಒಳ್ಳೆಯದೇ. ಆದರೆ ಯಂತ್ರಕ್ಕೆ ಯಾವ ಅಳತೆ ಹಾಕಬೇಕು ಅನ್ನುವುದು ಊದುವವನ ಬಾಯಲ್ಲೇ ಇದೆ. ಅದನ್ನು ಕೇಳಲು ಇನ್ನೂ ಬಸ್ಸು ಹತ್ತಬೇಕು.

ಬೇಸಿಗೆ ಅಂದೆ. ನಮ್ಮ ಕಡೆಯ ಮದುವೆಗಳ ಕಾಲವೇ ಬಿಸಿಲಿನ ಕಾಲ. ಟ್ರಂಪೆಟ್ಟನ್ನು ಬಿಸಿಲಿನಲ್ಲಿಟ್ಟು ಮಜ್ಜಿಗೆ ಕುಡಿಯಲು ಹೋದವನು ತಿರುಗಿ ಬಂದು ತುಟಿಗಿಟ್ಟರೆ ದುಂಡನೆಯ ಬರೆ. ಕೆಲವರು ಮೌತ್‌ಪೀಸನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತುತ್ತಿದ್ದರು. ಒಬ್ಬ ಐಸಿನಲ್ಲಿ ಇಟ್ಟಿದ್ದ. ಸ್ವರ ಇಳಿದು, ಜೊತೆಯವರೆಲ್ಲ ಅವನ ಕಡೆ ತಿರುಗಿ ನೋಡಿದರಂತೆ. ಅಂಚನ್ನು ಸಾಗವಾನಿಯಲ್ಲಿ ಮಾಡಿದೆ. ಉಗುಳು ಕುಡಿದು ಕಟ್ಟಿಗೆ ಉಬ್ಬಿತು, ಬಿಸಿಲಿಗೆ ಸೀಳಿತು. ಕೊನೆಗೆ ಗಿರಣಿಯ ರೋಲರಿಗೆ ಬಳಸುವ ಬಿಳಿ ನೈಲಾನ್ ರಾಡಿನ ತುಂಡಿನಿಂದ ಅಂಚು ಕಡೆದು ಹಿತ್ತಾಳೆಯ ಬಟ್ಟಲಿಗೆ ತಿರುಪು ಹಾಕಿ ಕೂರಿಸಿದೆ. ಸುಡುವುದು ನಿಂತಿತು. "ತುಟಿಗೆ ಆರಾಮ ಅದ, ಆದ್ರ ಸ್ವರ ಎಲ್ಲಿ ಕುಂತದ ಅಂತ ತುಟಿಗೆ ತಿಳಿಯಂಗಿಲ್ಲ" ಎಂದು ಅರ್ಧ ಜನ ವಾಪಸು ಕೊಟ್ಟರು. ಸದ್ದು ಅದೇ, ಆದರೆ ಊದುವ ಸುಖ ಬೇರೆ. ಇವೆರಡೂ ಒಂದೇ ಅಲ್ಲ ಎಂದು ನನಗೆ ಮನದಟ್ಟು ಮಾಡಿಸಿದ್ದು ಆ ನೈಲಾನು.

ಈಗ ಮಾನ್ವಿಯ ಖಾಜಾಸಾಬನ ಸಂಗತಿ. ಹೇಳಲೇಬೇಕಾದದ್ದು ಇದೊಂದೇ.

ಖಾಜಾಸಾಬ ವೀರೇಶಪ್ಪನವರ ಬ್ಯಾಂಡಿನಲ್ಲಿ ಮುಂದಿನ ಸಾಲಿನ ಟ್ರಂಪೆಟ್ಟು. ಹಾಡನ್ನು ಎತ್ತುವವನು ಅವನೇ; ಉಳಿದವರು ಹಿಂದೆ ಬರುವವರು. ನನ್ನದೇ ವಯಸ್ಸು. ಅವನ ಮೌತ್‌ಪೀಸು ನಾನೇ ಮಾಡಿದ್ದು: ಬಟ್ಟಲು ಆಳವಿಲ್ಲ, ಅಂಚಿನ ಒಳಗೆರೆ ಚೂಪು. ಆಳವಿಲ್ಲದ ಬಟ್ಟಲು ಸ್ವರವನ್ನು ತೆಳ್ಳಗೆ, ಮಿಂಚುವಂತೆ ಮಾಡುತ್ತದೆ. ಮೇಲಿನ ಸ್ವರಗಳು ಸುಲಭವಾಗಿ ಸಿಗುತ್ತವೆ. ಚೂಪು ಗೆರೆಯಿದ್ದರೆ ಪ್ರತಿ ಸ್ವರವೂ ಕತ್ತರಿಸಿಟ್ಟಂತೆ ಶುರುವಾಗುತ್ತದೆ. ತುಟಿಗೆ ನೋವು, ಕುಣಿಯುವವರಿಗೆ ಹಬ್ಬ.

ಒಂದು ದಿನ ಅವನು ಬಾಯಿಗೆ ಟವೆಲ್ ಮುಚ್ಚಿಕೊಂಡು ಬಂದ. ಮದುವೆಗೆ ಹೊರಟಾಗ ಕವಿತಾಳದ ಹತ್ತಿರ ಬಸ್ಸು ಗಕ್ಕನೆ ನಿಂತು, ಮುಂದಿನ ಸೀಟಿನ ಕಂಬಿಗೆ ಮುಖ ಬಡಿದು, ಮೇಲಿನ ನಾಲ್ಕು ಹಲ್ಲು ಹೋಗಿದ್ದವು. ಎಮ್ಮೆ ಅಡ್ಡ ಬಂತು ಎಂದು ಅವತ್ತು ಹೇಳಿದ. ಆಮೇಲೆ ಒಮ್ಮೆ ಟ್ರ್ಯಾಕ್ಟರು ಎಂದ. ಅದರ ಬಗ್ಗೆ ನಾನು ಜವಾಬ್ದಾರನಲ್ಲ. ಹಲ್ಲು ಹೋದದ್ದು ಖರೆ.

"ಕೈ ಅಡ್ಡ ಹಿಡೀಬೇಕಿಲ್ಲೇನು ಭಾಯಿ?" ಎಂದೆ.

"ಕೈಯಾಗ ಟ್ರಂಪೆಟ್ ಇತ್ತಲ್ಲ. ಅದಕ್ಕ ಪೆಟ್ಟಾದ್ರ ವೀರೇಶಪ್ಪ ಬಿಡ್ತಾನೇನು? ಹಲ್ಲು ನಂದು, ಟ್ರಂಪೆಟ್ ಅವಂದು."

ಡಾಕ್ಟರು ನಾಲ್ಕು ಹಲ್ಲಿನ ಪಟ್ಟಿ ಮಾಡಿ ಕೊಟ್ಟಿದ್ದರು. ಊಟಕ್ಕೆ ತೊಂದರೆ ಇಲ್ಲ. ಟ್ರಂಪೆಟ್ಟು ತುಟಿಗೆ ಒತ್ತಿದರೆ ಪಟ್ಟಿ ಒಳಗೆ ಜಾರುತ್ತಿತ್ತು. ಅಂಗಡಿಯಲ್ಲಿ ಊದಿ ತೋರಿಸಿದ. ಫುಸ್ ಎಂದಿತು. ಮತ್ತೆ ಊದಿದ. ಮತ್ತೆ ಫುಸ್. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡಿದ್ದ ಮೇಸ್ತ್ರಿ (ಆ ಹೊತ್ತಿಗೆ ಅವರಿಗೆ ಕಣ್ಣು ಮಂದ, ಕೆಲಸವೆಲ್ಲ ನನ್ನ ಮೇಲೆ) ಕುಕ್ಕರು ಯಾರು ತಂದರು ಎಂದು ಕೇಳಿದರು. ಯಾರೂ ನಗಲಿಲ್ಲ.

"ವೀರೇಶಪ್ಪ ಹೇಳ್ಯಾನ" ಎಂದ ಖಾಜಾಸಾಬ. "ಹಿರೇಕೊಟ್ನೆಕಲ್‌ದಾಗ ಮದಿವಿ ಅದ. ಅಲ್ಲಿ ಊದಿದ್ರ ಊದಿದಿ. ಇಲ್ಲಂದ್ರ ಟ್ರಂಪೆಟ್ ಬಸೂಗ, ನೀನು ಗಿಲಕಿ ಹಿಡಿ ಅಂದಾನ."

ಬಸು ಅಂದರೆ ಎರಡನೆಯ ಸಾಲಿನ ಬಸವರಾಜ, ಇಬ್ಬರು ಮಕ್ಕಳ ತಂದೆ, ಗಟ್ಟಿ ಆಳು, ಒಳ್ಳೆಯ ಕಲಾವಿದ. ಗಿಲಕಿ ಅಂದರೆ ಬ್ಯಾಂಡಿನಲ್ಲಿ ಪಕ್ಕಕ್ಕೆ ನಿಂತು ಎರಡೂ ಕೈಯಲ್ಲಿ ಅಲ್ಲಾಡಿಸುವ ಆ ಚೆಂಡುಗಳು. ಯಾವ ಕೆಲಸಕ್ಕೂ ಒಗ್ಗದವನಿಗೆ ಬಣ್ಣದ ಕೋಟು ಹಾಕಿಸಿ ಅದನ್ನು ಕೊಡುತ್ತಾರೆ.

"ನನ್ನ ಮೊಮ್ಮಗ ಗಿಲಕಿ ಆಡ್ತಾನ ಅಮರಣ್ಣ. ಅವ್ನಿಗೆ ವರ್ಷ ತುಂಬಿಲ್ಲ."

ಇನ್ನು ಸುಮ್ಮನಿರುವುದು ಹೇಗೆ? ಅಂಚನ್ನು ಅಗಲ ಮಾಡಿ, ಒಳಗೆರೆ ದುಂಡಗೆ ಮಾಡಿ, ಮೆತ್ತಗಿರಲೆಂದು ನೈಲಾನಿನಲ್ಲಿ ಕಡೆದು ಕೊಟ್ಟೆ. ಒತ್ತಡ ಹಂಚಿಹೋಗುತ್ತದೆ ಎಂದು ನನ್ನ ಲೆಕ್ಕ. ಪಟ್ಟಿ ಈಗಲೂ ಜಾರಿತು, ಮೊದಲಿಗಿಂತ ನಿಧಾನವಾಗಿ. ಇನ್ನೊಂದು ಮಾಡಿದೆ. ಮತ್ತೊಂದು ಮಾಡಿದೆ. ಖಾಜಾಸಾಬ ಒಂದೊಂದನ್ನೂ ಊದಿ, ಹಲ್ಲಿನ ಪಟ್ಟಿಯನ್ನು ಬೆರಳಿನಿಂದ ಸರಿ ಕೂರಿಸಿಕೊಂಡು, "ನಕ್ಕೊ" ಎನ್ನುತ್ತಿದ್ದ. ಬೇಡ ಎನ್ನುವುದಕ್ಕೆ ಅವರ ಮನೆಯ ಮಾತು ಅದು. ಆ ವಾರ ಅದನ್ನು ಎಷ್ಟು ಸಲ ಕೇಳಿದೆನೋ.

ಕೊನೆಗೆ ಇಬ್ಬರೂ ಹಲ್ಲಿನ ಡಾಕ್ಟರ ಹತ್ತಿರ ಹೋದೆವು. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಚುರುಕು. ಟ್ರಂಪೆಟ್ಟನ್ನು ಕುರ್ಚಿಯ ಮೇಲೆ ಕೂತೇ ಊದು ಎಂದರು. ಹೊರಗೆ ಕಾಯುತ್ತಿದ್ದ ರೋಗಿಯೊಬ್ಬ ಎದ್ದು ಹೋದನೆಂದು ನನ್ನ ನೆನಪು. ಕಟ್ಟಿದ ನೆನಪೂ ಇರಬಹುದು.

ಡಾಕ್ಟರಮ್ಮ ಕನ್ನಡಿ ಹಿಡಿದು ನೋಡಿ, "ನಿಮ್ಮ ಉಂಗುರ ಪೂರಾ ಈ ಸುಳ್ಳ ಹಲ್ಲಿನ ಮ್ಯಾಲೇ ಕುಂದ್ರಾಕತ್ತದ. ಅವು ತಡಕೊಳ್ಳಂಗಿಲ್ಲ. ಎರಡೂ ಕಡೆ ಕೋರೆಹಲ್ಲು ಅದಾವ ನೋಡ್ರಿ, ಅವು ಕಲ್ಲು ಇದ್ದಂಗ ಅದಾವ. ಭಾರ ಅವುಗಳ ಮ್ಯಾಲ ಹಾಕಾಕ ಬರ್ತದೇನು?" ಎಂದರು.

"ಉಂಗುರ ಅಷ್ಟು ದೊಡ್ಡದು ಮಾಡಿದ್ರ ಅದು ಟ್ರಂಪೆಟ್ ಆಗಂಗಿಲ್ರಿ, ಬಾಸ್ ಆಗ್ತದ" ಎಂದೆ. ಬಾಸ್ ಅಂದರೆ ಹೊಟ್ಟೆಗೆ ಅಪ್ಪಿಕೊಂಡು ಊದುವ ದಪ್ಪ ವಾದ್ಯ. ಅದರ ಬಾಯಿ ದೊಡ್ಡದು.

"ಅದು ನಿಮ್ಮ ಖಾತೆ. ಹಲ್ಲಿಂದು ನಾ ಹೇಳಿದೆ" ಎಂದು ನಕ್ಕು, ಅವನ ಮೇಲ್ದವಡೆಯ ಅಚ್ಚು ತೆಗೆದು ಸುಣ್ಣದಂತೆ ಬೆಳ್ಳಗಿನ ಒಂದು ಮಾದರಿ ಎರಕ ಹೊಯ್ದು ನನ್ನ ಕೈಗಿಟ್ಟರು. ನಾನು ವರ್ಷಗಟ್ಟಲೆ ಮೇಣ, ಹಿಟ್ಟು ಎಂದು ಒದ್ದಾಡಿದ್ದನ್ನು ಆ ಡಾಕ್ಟರು ಚಹಾ ಆರುವಷ್ಟರಲ್ಲಿ ಮುಗಿಸಿದ್ದರು. ಅಚ್ಚಿನ ಹಿಟ್ಟಿನದೊಂದು ಡಬ್ಬಿಯನ್ನೂ ಕೇಳಿ ತಂದೆ.

ಖಾಜಾಸಾಬನ ದವಡೆ ನನ್ನ ಲೇತಿನ ಪಕ್ಕ ಬಂದು ಕೂತಿತು. ಗಿರಣಿಯಿಂದ ಶಾಫ್ಟು ತಂದವರು ಅದನ್ನು ಕಂಡು ಬೆಚ್ಚುತ್ತಿದ್ದರು. ಮೇಸ್ತ್ರಿ ಎಲ್ಲರಿಗೂ, "ಸಾಲ ತೀರಿಸದವನ್ದು" ಎಂದು ಹೇಳುತ್ತಿದ್ದರು. ನಾನು ಅದರ ಮೇಲೆ ಉಂಗುರಗಳನ್ನು ಇಟ್ಟು ಇಟ್ಟು ನೋಡಿದೆ. ಎರಡೂ ಕೋರೆಹಲ್ಲಿನ ಮೇಲೆ ಕೂರುವ ಉಂಗುರ ಸಿಕ್ಕಿತು: ಹೆಚ್ಚುಕಡಿಮೆ ಬಾಸಿನದೇ ಅಗಲ. ಅದಕ್ಕೆ ತಕ್ಕ ಬಟ್ಟಲು ಕಡೆದು, ತಳದಲ್ಲಿ ಆಲಿಕೆಯಂತೆ ಕಿರಿದು ಮಾಡಿ, ಟ್ರಂಪೆಟ್ಟಿನ ಗಂಟಲು, ಟ್ರಂಪೆಟ್ಟಿನ ಕಾಲು ಕೂರಿಸಿದೆ. ನೋಡಲು ಕುಳ್ಳ ಮನುಷ್ಯನಿಗೆ ದೊಡ್ಡ ಪಟಗ ಸುತ್ತಿದ ಹಾಗಿತ್ತು.

ಖಾಜಾಸಾಬ ಊದಿದ. ಹಲ್ಲು ಅಲುಗಲಿಲ್ಲ. ಸದ್ದು ಬಂತು.

ಅವನ ಮುಖ ಬಾಡಿತು. "ಇದು ನನ್ನ ದನಿ ಅಲ್ಲ" ಎಂದ.

ಅದು ನಿಜ. ದೊಡ್ಡ ಬಟ್ಟಲು ಸ್ವರದ ಮಿಂಚನ್ನೆಲ್ಲ ನುಂಗಿಬಿಟ್ಟಿತ್ತು. ಕಪ್ಪಗೆ, ದುಂಡಗೆ, ಎದೆಯೊಳಗಿನಿಂದ ಬಂದಂತೆ ಇತ್ತು. ಕೆಳಗಿನ ಸ್ವರಗಳಲ್ಲಿ ಅಡ್ಡಿಯಿಲ್ಲ. ಮೇಲಕ್ಕೆ ಹೋದಂತೆಲ್ಲ ಸ್ವರ ಇಳಿಯುತ್ತಿತ್ತು, ತುಟಿ ಸೋಲುತ್ತಿತ್ತು. ಮೇಸ್ತ್ರಿ ಮೂಲೆಯಿಂದ, "ಎಮ್ಮಿ ಈದಂಗ ಅದ" ಎಂದರು. ನಾನು ಬಟ್ಟಲ ತಳ ಎತ್ತಿದೆ. ಒಳಗೆರೆಯನ್ನು ತುಸು ಚೂಪು ಮಾಡಿದೆ. ಸ್ವಲ್ಪ ಬೆಳಕು ಬಂತು. ಅದಕ್ಕಿಂತ ಎತ್ತಿದರೆ ಅಷ್ಟಗಲದ ಬಟ್ಟಲಿಗೆ ತುಟಿಯೇ ಹೋಗಿ ತಳಕ್ಕೆ ಬಡಿಯುತ್ತಿತ್ತು. ಇನ್ನೂ ಒಂದು ವಾರ ಇದ್ದಿದ್ದರೆ ಏನಾದರೂ ಮಾಡುತ್ತಿದ್ದೆನೋ ಏನೋ. ಮದುವೆ ಮರುದಿನವೇ ಇತ್ತು. ಖಾಜಾಸಾಬ ಅದನ್ನೇ ಜೇಬಿಗೆ ಹಾಕಿಕೊಂಡು, "ನೀನೂ ಬಾ. ಗಿಲಕಿ ಕೊಟ್ರ ಅರ್ಧ ನೀನು ಹಿಡಿ" ಎಂದ.

ಹೋದೆ. ಹಿರೇಕೊಟ್ನೆಕಲ್‌ನಲ್ಲಿ ಇಳಿದಾಗ ಮೆರವಣಿಗೆ ತಯಾರಾಗಿತ್ತು. ಬಣ್ಣದ ಕೋಟು ತೊಟ್ಟು ಖಾಜಾಸಾಬ ಮುಂದಿನ ಸಾಲಿನಲ್ಲಿ ನಿಂತಿದ್ದ, ಬಸು ಹಿಂದೆ. ವೀರೇಶಪ್ಪ ಶಲ್ಯ ಹೊದ್ದು ಪಕ್ಕದಲ್ಲಿ. ಖಾಜಾಸಾಬ ಕುಣಿತದ ಹಾಡು ಎತ್ತಿದ. ಹಾಡಿನ ಮೊದಲ ಸಾಲು ಬಂತು. ಎರಡನೆಯ ಸಾಲು ಮೇಲಕ್ಕೆ ಹತ್ತುವುದು. ಅಲ್ಲಿ ಸ್ವರ ತಡವರಿಸಿತು, ನಿಂತಿತು. ಕುಣಿಯುವವರ ಕಾಲು ಗಾಳಿಯಲ್ಲೇ ಉಳಿಯಿತು. ಒಬ್ಬ, "ಏ ಬ್ಯಾಂಡಿನವ್ರ, ಉಂಡು ಬಂದೀರೋ ಇಲ್ಲೋ?" ಎಂದು ಕೂಗಿದ. ಹಿಂದಿನಿಂದ ಬಸು ಯಾರೂ ಹೇಳದೆಯೇ ಆ ಸಾಲನ್ನು ಹಿಡಿದುಕೊಂಡ. ತೆಳ್ಳಗೆ, ಮಿಂಚಿನಂತೆ. ಕಾಲುಗಳು ನೆಲಕ್ಕೆ ಬಿದ್ದವು, ಕುಣಿತ ಮುಂದುವರಿಯಿತು.

ವೀರೇಶಪ್ಪ ಗಿಲಕಿ ಹಿಡಿದವನ ಕೈಯಿಂದ ಗಿಲಕಿ ತೆಗೆದುಕೊಂಡು ಬಂದು ಖಾಜಾಸಾಬನ ಮುಂದೆ ಹಿಡಿದರು. ಖಾಜಾಸಾಬ ನನ್ನ ಕಡೆ ನೋಡಲಿಲ್ಲ. ಟ್ರಂಪೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಗಿಲಕಿ ಅಲ್ಲಾಡಿಸುತ್ತ ಊರೆಲ್ಲ ನಡೆದ. ನಾನು ಚಪ್ಪಲಿ ನೋಡುತ್ತ ಹಿಂದೆ ನಡೆದೆ. ನನ್ನ ಕೆಲಸ ಸೋತದ್ದನ್ನು ಅಷ್ಟು ಉದ್ದಕ್ಕೆ, ಅಷ್ಟು ತಾಳಬದ್ಧವಾಗಿ ಹಿಂದೆಂದೂ ಕೇಳಿರಲಿಲ್ಲ.

ಇಲ್ಲಿಂದ ಮುಂದಿನದನ್ನು ಜೋಪಾನವಾಗಿ ಬರೆಯಬೇಕು. ಇದನ್ನೇ ಜನ ಬಹಳ ಚೆಂದ ಮಾಡಿ ಹೇಳುತ್ತಾರೆ.

ಊಟವಾದ ಮೇಲೆ ಹೆಣ್ಣು ಕಳಿಸುವ ಹೊತ್ತು. ಅಂಗಳದಲ್ಲಿ ಹೆಂಗಸರು, ಕಾರಿನ ಬಾಗಿಲು ತೆರೆದಿದೆ. ಬಸು ತವರು ಬಿಡುವ ಹಾಡನ್ನು ಎತ್ತಿದ. ಅಂಗಳ ಸಣ್ಣದು, ಸುತ್ತ ಕಲ್ಲಿನ ಗೋಡೆ. ಬಯಲಿನಲ್ಲಿ ಮಿಂಚಿದ ಸ್ವರ ಅಲ್ಲಿ ಸೂಜಿಯಂತೆ ಚುಚ್ಚುತ್ತಿತ್ತು. ಮದುಮಗಳ ಅಜ್ಜಿ ಎರಡೂ ಕಿವಿ ಮುಚ್ಚಿಕೊಂಡು, "ಏ ತಮ್ಮಾ, ಸಾಕು ಮಾಡೋ! ನಮಗ ಅಳಾಕರೆ ಬಿಡು" ಎಂದಳು. ಎಲ್ಲರೂ ನಕ್ಕರು. ಮದುಮಗಳೂ ನಕ್ಕಳು. ಬಸು ನಿಲ್ಲಿಸಿದ.

ಆ ನಗೆ ಇನ್ನೂ ಮುಗಿದಿರಲಿಲ್ಲ. ಖಾಜಾಸಾಬ ಗಿಲಕಿಯನ್ನು ನನ್ನ ಕೈಗೆ ತುರುಕಿ ಟ್ರಂಪೆಟ್ಟು ಎತ್ತಿದ. ಅದೇ ಹಾಡು, ಆದರೆ ತೀರಾ ಕೆಳಗಿನಿಂದ. ಆ ಅಗಲದ ಬಟ್ಟಲಿನಿಂದ ಬಂದ ಸದ್ದು ಗೋಡೆಗೆ ಬಡಿಯಲಿಲ್ಲ, ಅಂಗಳದ ನೆಲದ ಮೇಲೆ ನೀರಿನಂತೆ ಹರಡಿಕೊಂಡಿತು. ಯಾರಿಗೂ ದನಿ ಎತ್ತಿ ಮಾತಾಡಬೇಕಾಗಲಿಲ್ಲ. ತಾಯಿ ಮಗಳ ಕಿವಿಯಲ್ಲಿ ಹೇಳಿದ್ದು ಮಗಳಿಗೆ ಕೇಳಿಸುತ್ತಿತ್ತು, ಹಾಡೂ ಕೇಳಿಸುತ್ತಿತ್ತು. ಮದುಮಗಳು ಆಗ ಅತ್ತಳು. ಅಜ್ಜಿಯೂ ಅತ್ತಳು, ಬೇಕಾದಷ್ಟು.

ಇಡೀ ಊರು ಅತ್ತಿತು ಎಂದು ಈಗ ಹೇಳುತ್ತಾರೆ. ಇಲ್ಲ. ಅಡುಗೆಯವನು ಪಾತ್ರೆ ಎಣಿಸುತ್ತಿದ್ದ. ಗಂಡಿನ ಕಡೆಯ ನಾಲ್ಕೈದು ಜನ ಎಲೆ ಅಡಿಕೆ ಹಾಕುತ್ತಿದ್ದರು. ವೀರೇಶಪ್ಪನವರ ಕಣ್ಣು ಒದ್ದೆಯಾಗಿತ್ತು ಎಂದು ಖಾಜಾಸಾಬ ಹೇಳುತ್ತಾನೆ. ನನಗೆ ಕಂಡದ್ದು ಅವರು ಶಲ್ಯದಿಂದ ಬೆವರು ಒರೆಸಿಕೊಂಡದ್ದು. ನಾನು ಗಿಲಕಿ ಹಿಡಿದುಕೊಂಡು ಮಿಸುಕಾಡದೆ ನಿಂತಿದ್ದೆ, ಅಲ್ಲಾಡಿದರೆ ಸದ್ದಾಗುತ್ತದೆಂದು.

ಕಾರು ಹೋದ ಮೇಲೆ ಅಜ್ಜಿ ಖಾಜಾಸಾಬನ ಹತ್ತಿರ ಬಂದಳು. "ಯಪ್ಪಾ, ಇದು ಯಾವ ವಾದ್ಯ?"

"ಟ್ರಂಪೆಟ್ ಯವ್ವಾ."

"ಸುಳ್ಳು ಹೇಳಬ್ಯಾಡ. ಟ್ರಂಪೆಟ್ ನಾ ಈಗ ಕೇಳೀನಿ, ಇನ್ನೂ ಕಿವಿ ಗುಂಯ್ ಅನ್ನಾಕತ್ತದ. ಸಣ್ಣ ಮೊಮ್ಮಗಳ ಮದಿವಿ ಬಂದದ. ಅದಕ್ಕೂ ಇದನ್ನ ತಗೊಂಡು ನೀನೇ ಬಾ."

ವೀರೇಶಪ್ಪ ಕೇಳಿಸಿಕೊಂಡರು. ವ್ಯಾಪಾರಿ ಮನುಷ್ಯ. ನನ್ನ ಕೈಯಿಂದ ಗಿಲಕಿ ತೆಗೆದುಕೊಂಡು ಮೊದಲಿನವನಿಗೆ ಕೊಟ್ಟು, "ಕುಣಿಸಾಕ ಬಸು, ಅಳಸಾಕ ಖಾಜಾ. ಇಬ್ರೂ ಮುಂದಿನ ಸಾಲು" ಎಂದರು. ಮತ್ತೆ ನನ್ನ ಕಡೆ ತಿರುಗಿ, "ನೀವ್ಯಾರ್ರಿ, ಗಿಲಕಿ ಹಿಡಿಯಾಕ ಬರ್ತೀರೇನು?" ಎಂದರು.

ಖಾಜಾಸಾಬ ಮೇಲಿನ ಸ್ವರಗಳನ್ನು ಮತ್ತೆಂದೂ ಮುಟ್ಟಲಿಲ್ಲ. ಅದರ ದುಃಖ ಅವನಿಗಿತ್ತು. ಬಸು ಕುಣಿತದ ಹಾಡು ಹಿಡಿದಾಗಲೆಲ್ಲ ಅವನ ಬೆರಳು ಗುಂಡಿಗಳ ಮೇಲೆ ಸುಮ್ಮನೆ ಓಡುತ್ತಿದ್ದುದನ್ನು ನೋಡಿದ್ದೇನೆ. ಆದರೆ ಆ ವರ್ಷದಿಂದ ಮಾನ್ವಿಯ ಸುತ್ತ ಹೆಣ್ಣು ಕಳಿಸುವ ಹೊತ್ತಿಗೆ ಜನ ಹೆಸರು ಹಿಡಿದು ಕರೆಯುತ್ತಿದ್ದದ್ದು ಅವನನ್ನು. ಗಿಲ್ಲೆಸುಗೂರಿನವರೆಗೂ ಹೋಗಿ ಬಂದ.

ಬಸುವಿಗೆ ಇದನ್ನು ತಡೆಯಲಾಗಲಿಲ್ಲ. ಸೀಜನ್ನು ಮುಗಿದ ಮೇಲೆ ರಾಯಚೂರಿಗೆ ಬಂದು, "ನನಗೂ ಅಂಥದ್ದೇ ಒಂದು ಬೇಕು. ಅಳತಿ ಒಂಚೂರೂ ಆಚೀಚೆ ಆಗಬಾರ್ದು" ಎಂದ. ಮಾಡಿದೆ. ಡಾಕ್ಟರಮ್ಮನ ಹಿಟ್ಟಿನಿಂದ ಅಚ್ಚು ತೆಗೆದು, ಬಟ್ಟಲು, ಗಂಟಲು, ಅಂಚು ಎಲ್ಲ ಹಾಗೆಯೇ. ಅವನು ತೆಗೆದುಕೊಂಡು ಹೋಗಲು ಬಂದ ದಿನ ಖಾಜಾಸಾಬನೂ ಯಾವುದೋ ನೆಪ ಮಾಡಿಕೊಂಡು ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತಿದ್ದ.

ಬಸು ಎದೆ ತುಂಬ ಉಸಿರು ತೆಗೆದುಕೊಂಡು ಊದಿದ. ಕೆಸರಿನಿಂದ ಕಾಲು ಕಿತ್ತಂಥ ಸದ್ದು. ಮತ್ತೆ ಊದಿದ. ಮತ್ತೆ ಕೆಸರು. ತಿರುಗಿಸಿ ಊದಿದ, ಒರೆಸಿ ಊದಿದ. ನಾನು ವರ್ನಿಯರ್ ತೆಗೆದು ಎರಡನ್ನೂ ಅಳೆದೆ. ಕೂದಲೆಳೆಯ ವ್ಯತ್ಯಾಸವಿಲ್ಲ.

"ಹ್ಯಾಂಗ ಚಾಚಾ ಇದು?" ಎಂದ ಬಸು, ಬೆವರುತ್ತ. "ಎಲ್ಲಾ ಅದೇ ಅದ. ನನಗ್ಯಾಕ ಬರವಲ್ದು?"

ಖಾಜಾಸಾಬ ಸ್ಟೂಲಿನಿಂದ ಎದ್ದು, ಬಸುವಿನ ಗದ್ದ ಹಿಡಿದು, ಬಾಯಿ ತೆರೆಸಿ, ಡಾಕ್ಟರಮ್ಮನ ಹಾಗೆಯೇ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿದ.

"ಹಲ್ಲು ಬಾಳ ಅದಾವಲೇ ನಿನಗ."